ಪಟ್ಟಿಯಲ್ಲಿರುವ ಹೆಸರು ಯಾರದು?

(ಮಹಿಳಾ ಸಲಹಾ ಕೇಂದ್ರಗಳ ಕಾರ್ಯಕರ್ತೆಯರ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೌಟುಂಬಿಕ ದೌರ್ಜನ್ಯವನ್ನು ಕುರಿತ ಶಿಬಿರದಲ್ಲಿ ಇ-ಮೇಲ್ ಕಳಿಸುವ ಬಗ್ಗೆ ಒಂದು ಭಾಷಣ ಯಾಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನಿಸಿರಬಹುದು. ಅದು ಕಚೇರಿ ನೋಡಿಕೊಳ್ಳುವವರ ಕೆಲಸ ಎಂದು ನಾವು ಬದಿಗಿಟ್ಟುಬಿಟ್ಟಿದ್ದೇವೆ. ಆದರೆ ಇಂದು ಸಭೆಯ ಕರೆ, ಕಾನೂನು ಶಿಬಿರದ ಆಹ್ವಾನ, ಧರಣಿಯ ಸುದ್ದಿ ಎಲ್ಲವೂ ಹೋಗುವುದು ಇ-ಮೇಲ್ ಮತ್ತು ವಾಟ್ಸ್‌ಆ್ಯಪ್ ಮೂಲಕ. 40 ಜನರಿಗೆ ಒಟ್ಟಿಗೆ ಇ-ಮೇಲ್ ಕಳಿಸುವಾಗ ಎಲ್ಲ ವಿಳಾಸಗಳನ್ನೂ 'ಟು' ಎಂಬ ಜಾಗದಲ್ಲಿ ತುಂಬಿದರೆ, ಪ್ರತಿಯೊಬ್ಬರ ಕೈಗೂ ಉಳಿದ 39 ಜನರ ವಿಳಾಸ ಸೇರುತ್ತದೆ. ಪತ್ರದಲ್ಲಿ ಇರುವುದು 'ಭಾನುವಾರ ಸಭೆ ಇದೆ, ಬನ್ನಿ' ಎಂಬ ಒಂದೇ ಸಾಲು ಇರಬಹುದು. ಆದರೆ ಮೇಲಿನ ಪಟ್ಟಿ ಬೇರೆಯದನ್ನೇ ಹೇಳುತ್ತಿರುತ್ತದೆ. ಯಾರು ಯಾರು ಹಿಂಸೆಗೆ ಒಳಗಾಗಿ ಈ ಕೇಂದ್ರಕ್ಕೆ ಬರುತ್ತಿದ್ದಾರೆ ಎಂಬುದನ್ನು ಅದು ಹೆಸರು ಸಮೇತ ತಿಳಿಸುತ್ತದೆ.

ಆ ಪಟ್ಟಿಯಲ್ಲಿ ಯಾರಿರುತ್ತಾರೆ ಎಂದು ಯೋಚಿಸಿ. ಒಬ್ಬಾಕೆ ತವರಿಗೂ ತಿಳಿಸದೆ ನಮ್ಮಲ್ಲಿಗೆ ಬಂದಿರುತ್ತಾಳೆ. ಇನ್ನೊಬ್ಬಾಕೆ ಗಂಡನ ಮನೆ ಬಿಟ್ಟು ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅವಳ ಇ-ಮೇಲ್ ವಿಳಾಸದಲ್ಲಿ ಕಚೇರಿಯ ಹೆಸರೇ ಇದೆ. ಮತ್ತೊಬ್ಬರು ವರದಕ್ಷಿಣೆಗೆ ಮಗಳನ್ನು ಕಳೆದುಕೊಂಡ ತಾಯಿ. ಸಾಕ್ಷಿ ಹೇಳಲು ಧೈರ್ಯ ಮಾಡಿ ಮುಂದೆ ಬಂದ ನೆರೆಮನೆಯಾಕೆಯೂ ಅದೇ ಪಟ್ಟಿಯಲ್ಲಿದ್ದಾಳೆ. ಇಂಥ ಮೊಕದ್ದಮೆಗಳಲ್ಲಿ ಸಾಕ್ಷಿಗಳನ್ನು ಹೆದರಿಸುವುದು, ಹಣ ತೋರಿಸಿ ಬಾಯಿ ಮುಚ್ಚಿಸುವುದು ನಮಗೆ ಹೊಸದಲ್ಲ. ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸುವ ಮೊದಲೇ ಆಕೆ ಯಾರೆಂದು ನಾವೇ ಹೇಳಿಕೊಟ್ಟಂತಾಗುತ್ತದೆ. ಪತ್ರ ತಲುಪಿದ 40 ಮಂದಿಯೂ ನಮ್ಮವರೇ ಇರಬಹುದು. ಆದರೆ ಅವರ ಫೋನು ಅವರೊಬ್ಬರದೇ ಅಲ್ಲ. ಗಂಡ, ಮೈದುನ, ಬೆಳೆದ ಮಗ, ಯಾರು ಬೇಕಾದರೂ ತೆಗೆದು ನೋಡುವ ಫೋನು ಅದು.

ಇದು ಬರೀ ಊಹೆಯ ಭಯವಲ್ಲ. ಬ್ರಿಟನ್ನಿನಲ್ಲಿ ನಡೆದದ್ದನ್ನು ಕೇಳಿ. ಅಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ವಿಚಾರಣೆ ನಡೆಸಲು ಒಂದು ಸ್ವತಂತ್ರ ಆಯೋಗವಿತ್ತು. 2017ರ ಫೆಬ್ರವರಿಯಲ್ಲಿ ಅದರ ಸಿಬ್ಬಂದಿಯೊಬ್ಬರು 90 ಜನರಿಗೆ, ವಿಳಾಸ ಕಾಣದಂತೆ, ಸರಿಯಾಗಿಯೇ ಪತ್ರ ಕಳಿಸಿದರು. ಪತ್ರದಲ್ಲೊಂದು ತಪ್ಪು ಕಂಡು ತಿದ್ದುಪಡಿ ಕಳಿಸುವಾಗ ಎಲ್ಲ ವಿಳಾಸಗಳೂ 'ಟು' ಜಾಗಕ್ಕೆ ಹೋದವು. 52 ವಿಳಾಸಗಳಲ್ಲಿ ಪೂರ್ತಿ ಹೆಸರು ಕಾಣುತ್ತಿತ್ತು. ಅಳಿಸಿಹಾಕಿ ಎಂದು ಆಯೋಗ ಮತ್ತೆ ಬರೆದಾಗ ಒಂದು ಪತ್ರಕ್ಕೇ 39 ಉತ್ತರಗಳು ಎಲ್ಲರಿಗೂ ಹೋದವು. 2018ರಲ್ಲಿ ಆಯೋಗಕ್ಕೆ 2 ಲಕ್ಷ ಪೌಂಡ್ ದಂಡ ಬಿತ್ತು. 2021ರ ಸೆಪ್ಟೆಂಬರಿನಲ್ಲಿ ಅಲ್ಲಿನ ರಕ್ಷಣಾ ಇಲಾಖೆಯೂ ಹೀಗೇ ಮಾಡಿತು. ತಾಲಿಬಾನಿನ ಕಣ್ಣು ತಪ್ಪಿಸಿ ಅಫ್ಘಾನಿಸ್ತಾನದಿಂದ ಹೊರಬರಲು ಕಾಯುತ್ತಿದ್ದ 245 ಜನರ ವಿಳಾಸಗಳು ಒಬ್ಬರದು ಇನ್ನೊಬ್ಬರಿಗೆ ಕಂಡವು. ಅವರಲ್ಲೊಬ್ಬರು ತಾವು ಎಲ್ಲಿದ್ದೇವೆ ಎಂಬುದನ್ನೂ ಎಲ್ಲರಿಗೂ ಉತ್ತರಿಸಿಬಿಟ್ಟರು. ಎರಡೂ ಕಡೆ ಯಾರ ದುರುದ್ದೇಶವೂ ಇರಲಿಲ್ಲ. ಬೆರಳು ಒಂದು ಸಾಲು ತಪ್ಪಿತು, ಅಷ್ಟೆ.

ಈಗ ನಮ್ಮೊಳಗಿನ ಒಂದು ಪ್ರಶ್ನೆಗೆ ಬರುತ್ತೇನೆ. ಮನೆಯೊಳಗಿನ ಹಿಂಸೆ ಖಾಸಗಿ ವಿಷಯವಲ್ಲ, ಮೌನ ಮುರಿಯಿರಿ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದವರು ನಾವು. ಈಗ ನಾವೇ ಗುಟ್ಟು ಕಾಪಾಡಿ ಎನ್ನುವುದು ಸರಿಯೇ? ಅಕ್ಕತಂಗಿಯರ ನಡುವೆ ಮುಚ್ಚಿಡುವುದೇನು ಎಂದು ಹಿರಿಯ ಕಾರ್ಯಕರ್ತೆಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ ಇಷ್ಟು: ಹೊಡೆದವನ ಕೃತ್ಯ ಬೀದಿಗೆ ಬರಬೇಕು, ಹೊಡೆತ ತಿಂದವಳು ಎಲ್ಲಿದ್ದಾಳೆ ಎಂಬುದು ಅವಳ ಅನುಮತಿಯಿಲ್ಲದೆ ಯಾರಿಗೂ ತಿಳಿಯಬಾರದು. ಮೌನ ಮುರಿಯುವುದು ಯಾವಾಗ, ಯಾರೆದುರು ಎಂದು ನಿರ್ಧರಿಸಬೇಕಾದವಳು ಆಕೆಯೇ. ಹುಟ್ಟಿದಾಗಿನಿಂದ ಎಲ್ಲವನ್ನೂ ಬೇರೆಯವರೇ ಅವಳ ಪರವಾಗಿ ತೀರ್ಮಾನಿಸಿದ್ದಾರೆ. ನಾವೂ ಆ ಸಾಲಿಗೆ ಸೇರಬಾರದು.

ಕಾನೂನು ಕೂಡ ಈ ಮಾತನ್ನು ಒಪ್ಪಿದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರ ಅಡಿಯಲ್ಲಿ ರೂಪಿಸಿದ 2006ರ ನಿಯಮಗಳ ಪ್ರಕಾರ, ನೊಂದ ಮಹಿಳೆ ಕೇಳಿಕೊಂಡರೆ ಆಕೆ ಆಶ್ರಯಧಾಮದಲ್ಲಿದ್ದಾಳೆಂಬುದನ್ನು ಎದುರು ಪಕ್ಷದವನಿಗೆ ತಿಳಿಸುವಂತಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಹಾಗಾದರೆ ಮಾಡಬೇಕಾದ್ದೇನು? ಟೈಪ್‌ರೈಟರಿನಲ್ಲಿ ಕಾರ್ಬನ್ ಕಾಗದ ಇಟ್ಟು ಪ್ರತಿ ತೆಗೆದವರು ಇಲ್ಲಿ ಇದ್ದೀರಿ. ಇ-ಮೇಲಿನ 'ಸಿಸಿ' ಎಂದರೆ ಅದೇ ಕಾರ್ಬನ್ ಪ್ರತಿ. ಅದರ ಜೊತೆಗೇ 'ಬಿಸಿಸಿ' ಎಂಬ ಇನ್ನೊಂದು ಜಾಗವಿದೆ. ಅಲ್ಲಿ ಹಾಕಿದ ವಿಳಾಸಗಳು ಪತ್ರ ಪಡೆದ ಬೇರೆ ಯಾರಿಗೂ ಕಾಣುವುದಿಲ್ಲ. 'ಟು' ಜಾಗದಲ್ಲಿ ನಮ್ಮ ಕೇಂದ್ರದ ವಿಳಾಸವನ್ನೇ ಹಾಕಿ, ಉಳಿದೆಲ್ಲವನ್ನೂ 'ಬಿಸಿಸಿ'ಯಲ್ಲಿ ಹಾಕಿ. ಆಗ ಯಾರಾದರೂ ಎಲ್ಲರಿಗೂ ಉತ್ತರಿಸುವ ಗುಂಡಿ ಒತ್ತಿದರೂ ಉತ್ತರ ನಮಗೆ ಮಾತ್ರ ಬರುತ್ತದೆ.

ಆದರೆ ಇದನ್ನೊಂದೇ ನಂಬಬೇಡಿ. ಅವಸರದಲ್ಲಿ ಜಾಗ ತಪ್ಪುವುದು ಸುಲಭ ಎಂಬುದನ್ನು ಆ ಆಯೋಗದ ಕಥೆಯೇ ತೋರಿಸಿದೆ. ಬ್ರಿಟನ್ನಿನ ಮಾಹಿತಿ ರಕ್ಷಣಾ ಕಚೇರಿಯೂ 2023ರಲ್ಲಿ, ಸೂಕ್ಷ್ಮ ವಿಷಯಗಳಿಗೆ 'ಬಿಸಿಸಿ' ಸಾಲದು ಎಂದು ಎಚ್ಚರಿಸಿದೆ. ಮೊಕದ್ದಮೆಗೆ, ಆಶ್ರಯಕ್ಕೆ, ಸಾಕ್ಷಿಗೆ ಸಂಬಂಧಿಸಿದ ಪತ್ರವಾದರೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿಯೇ ಕಳಿಸಿ. 40 ಪತ್ರಕ್ಕೆ ಒಂದು ಗಂಟೆ ಹಿಡಿಯಲಿ, ಅದು ದುಬಾರಿಯಲ್ಲ. ಕಳಿಸುವ ಮೊದಲು ಇನ್ನೊಬ್ಬರು ಓದಿ ನೋಡಲಿ. ಹಾಜರಿ ಪಟ್ಟಿಯನ್ನು ಪತ್ರಕ್ಕೆ ಲಗತ್ತಿಸಬೇಡಿ. ವಿಷಯದ ಸಾಲಿನಲ್ಲಿ 'ದೌರ್ಜನ್ಯ', 'ಮೊಕದ್ದಮೆ' ಎಂದು ಬರೆಯಬೇಡಿ. ಪತ್ರ ತೆರೆಯದೆಯೂ ಅದು ಫೋನಿನ ಮೇಲೆ ಕಾಣುತ್ತದೆ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರ ನಂಬರು ಎಲ್ಲರಿಗೂ ಕಾಣುತ್ತದೆ. ಕೇಳದೆ ಯಾರನ್ನೂ ಗುಂಪಿಗೆ ಸೇರಿಸಬೇಡಿ. ಅಲ್ಲಿ 'ಬ್ರಾಡ್‌ಕಾಸ್ಟ್ ಪಟ್ಟಿ' ಎಂಬ ಸೌಲಭ್ಯವಿದೆ. ಅದರಲ್ಲಿ ಒಬ್ಬರಿಗೊಬ್ಬರ ನಂಬರು ತಿಳಿಯದು. ಆದರೆ ನಮ್ಮ ನಂಬರನ್ನು ಆಕೆ ತನ್ನ ಫೋನಿನಲ್ಲಿ ಉಳಿಸಿಕೊಂಡಿದ್ದರೆ ಮಾತ್ರ ಸಂದೇಶ ತಲುಪುತ್ತದೆ. ಯಾವ ಹೆಸರಿನಲ್ಲಿ ಉಳಿಸಿಕೊಂಡರೆ ಕ್ಷೇಮ ಎಂದು ಆಕೆಯನ್ನೇ ಕೇಳಿ.

ಕೇಳುವುದು ಎಂಬ ಮಾತನ್ನು ನಾನು ಮತ್ತೆ ಮತ್ತೆ ಹೇಳುತ್ತಿದ್ದೇನೆ. ಮೊದಲ ಭೇಟಿಯಲ್ಲೇ ಅರ್ಜಿಯ ಜೊತೆಗೆ ಮೂರು ಪ್ರಶ್ನೆ ಕೇಳೋಣ. ನಿಮ್ಮ ಫೋನನ್ನು ಬೇರೆ ಯಾರಾದರೂ ನೋಡುತ್ತಾರೆಯೇ? ನಿಮಗೆ ಹೇಗೆ, ಯಾವ ಹೊತ್ತಿನಲ್ಲಿ ಸುದ್ದಿ ಮುಟ್ಟಿಸಬೇಕು? ಇಲ್ಲಿಗೆ ಬರುವ ಇತರ ಮಹಿಳೆಯರ ಪರಿಚಯ ನಿಮಗೆ ಬೇಕೇ? ಬೇಕು ಎಂದವರನ್ನು ಸಂತೋಷದಿಂದ ಪರಸ್ಪರ ಸೇರಿಸೋಣ. ಅಂಥ ಒಡನಾಟದಿಂದಲೇ ನಮ್ಮ ಚಳವಳಿ ಬೆಳೆದಿದೆ. ಬೇಡ ಎಂದವಳ ಹೆಸರು ನಮ್ಮ ದಾಖಲೆ ಪುಸ್ತಕದಲ್ಲಿ ಬೀಗದೊಳಗೆ ಇರಲಿ.

ಈ ಶಿಬಿರ ಮುಗಿಸಿ ಊರಿಗೆ ಹೋದ ಕೂಡಲೇ ನಿಮ್ಮ ಕೇಂದ್ರದಿಂದ ಕೊನೆಯದಾಗಿ ಹೋದ ಸುತ್ತೋಲೆಯನ್ನು ತೆಗೆದು ನೋಡಿ. ಮೇಲೆ ಯಾರ ಯಾರ ಹೆಸರು ಕಾಣುತ್ತಿದೆ ಎಂದು ಎಣಿಸಿ. ಮುಂದಿನ ಸುತ್ತೋಲೆ ಹೊರಡುವ ಮೊದಲು ಈ ಕ್ರಮಗಳನ್ನು ನಿಮ್ಮ ಸಭೆಯಲ್ಲಿಟ್ಟು ಠರಾವು ಮಾಡಿ.