ಅಣ್ಣನ ರೆಕಾರ್ಡು, ತಮ್ಮನ ಭಯ



ಅಮೆರಿಕದ ಲಾಸ್ ಏಂಜಲೀಸ್ ನಗರದ ಬಳಿ ಡೌನಿ ಎಂಬ ಊರಿದೆ. 1970ರ ದಶಕದ ಆರಂಭದಲ್ಲಿ ಅಲ್ಲೊಬ್ಬ ಹುಡುಗನಿದ್ದ. ವಯಸ್ಸು ಒಂಬತ್ತರ ಆಸುಪಾಸು. ನೋಡುವವರಿಗೆ ಮಿತಭಾಷಿ, ಹೇಳಿದ ಮಾತು ಕೇಳುವವ. ಒಳಗೆ ಮಾತ್ರ ಏನೋ ಕುದಿಯುತ್ತಿತ್ತು. ಅದು ಏನೆಂದು ಹೇಳಲು ಅವನಲ್ಲಿ ಮಾತಿರಲಿಲ್ಲ. ಮನೆಯಲ್ಲಿ ಅಣ್ಣನ ರೆಕಾರ್ಡುಗಳ ಸಂಗ್ರಹವಿತ್ತು, ಅವನ್ನು ಹಾಕುವ ಪ್ಲೇಯರ್ ಇತ್ತು. ಎರಡನ್ನೂ ಈತ ಮುಟ್ಟುವಂತಿರಲಿಲ್ಲ. ಮುಟ್ಟಬಾರದು ಎಂದ ಮೇಲೆ ಮಕ್ಕಳ ಕೈ ಅಲ್ಲಿಗೇ ಹೋಗುತ್ತದೆ. ಹುಡುಗ ಒಂದು ರೆಕಾರ್ಡನ್ನು ಕದ್ದು ತೆಗೆದ.

ಹೊದಿಕೆಯ ಮೇಲೆ ಹಳೆಯ ನೀರುಗಿರಣಿ. ಕೊಳೆತ ರಕ್ತದ ಬಣ್ಣಕ್ಕೆ ತಿರುಗಿದ ಗಿಡಗಂಟಿಗಳ ನಡುವೆ ಕಪ್ಪು ನಿಲುವಂಗಿ ತೊಟ್ಟ, ಮುಖ ಬಿಳಿಚಿದ ಹೆಂಗಸು. ಹುಡುಗ ಮುಳ್ಳು ಇಳಿಸಿದ. ಮೊದಲು ಕೇಳಿದ್ದು ಹಾಡಲ್ಲ, ಮಳೆ. ಆಮೇಲೆ ದೂರದಲ್ಲಿ ಚರ್ಚಿನ ಗಂಟೆ, ಗುಡುಗು. ಕೊನೆಗೆ ಗಿಟಾರ್: ಮೂರೇ ಮೂರು ಸ್ವರ, ಹೆಣ ಹೊತ್ತವರ ಹೆಜ್ಜೆಯಷ್ಟು ನಿಧಾನ. ಹುಡುಗ ಹೆದರಿ ನಡುಗಿದ. ಆದರೆ ಆ ಸಂಗೀತವನ್ನು ಬಿಡಲಿಲ್ಲ, ಮತ್ತೆ ಮತ್ತೆ ಅದರ ಬಳಿಗೇ ಹೋದ.

ಆ ಹುಡುಗನ ಹೆಸರು ಜೇಮ್ಸ್ ಹೆಟ್‌ಫೀಲ್ಡ್. ಮುಂದೆ 1981ರಲ್ಲಿ ‘ಮೆಟಾಲಿಕಾ’ ತಂಡ ಕಟ್ಟಿದ ಇಬ್ಬರಲ್ಲಿ ಒಬ್ಬ. ಅವನನ್ನು ಹೆದರಿಸಿದ ರೆಕಾರ್ಡು ಇಂಗ್ಲೆಂಡಿನ ‘ಬ್ಲ್ಯಾಕ್ ಸಬತ್’ ತಂಡದ್ದು. ತಂಡದ ಹೆಸರೇ ಆ ಮೊದಲ ಆಲ್ಬಮ್ಮಿನ ಹೆಸರು, ಅದರ ಮೊದಲ ಹಾಡಿನ ಹೆಸರೂ ಅದೇ. ಹೆವಿ ಮೆಟಲ್ ಎಂಬ ಸಂಗೀತ ಪ್ರಕಾರದ ವಂಶಾವಳಿ ಬರೆಯುವವರು ಬಹುಮಟ್ಟಿಗೆ ಈ ಹಾಡಿನಿಂದಲೇ ಶುರು ಮಾಡುತ್ತಾರೆ. ವಂಶಾವಳಿ ಹಾಗಿರಲಿ. ಒಂಬತ್ತು ವರ್ಷದ ಮಗು ಹೆದರಿಯೂ ಅದರ ಬಳಿಗೆ ಯಾಕೆ ಹೋಯಿತು? ಆ ಕತ್ತಲೆ ಅವನನ್ನು ಕೆಡಿಸಿತೆ, ಕಾಪಾಡಿತೆ? ಮಕ್ಕಳ ಕೋಣೆಯ ಬಾಗಿಲ ಹಿಂದಿನಿಂದ ಇಂಥದೇ ಗದ್ದಲ ಕೇಳಿ ಚಿಂತೆಗೆ ಬಿದ್ದ ತಂದೆತಾಯಿಯರೆಲ್ಲರ ಪ್ರಶ್ನೆಯಿದು.

ಉತ್ತರಕ್ಕಾಗಿ ಆ ಸದ್ದು ಹುಟ್ಟಿದ ಊರಿಗೆ ಹೋಗಬೇಕು. ಅದು ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ಎಂಬ ಕಾರ್ಮಿಕರ ಬಡಾವಣೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳು ಬರ್ಮಿಂಗ್‌ಹ್ಯಾಮಿನ ಮೇಲೆ ಬಾಂಬು ಸುರಿಸಿದ್ದವು. ಯುದ್ಧ ಮುಗಿದು ವರ್ಷಗಳಾದರೂ ಅಲ್ಲಿನ ಮಕ್ಕಳು ಆಡುತ್ತಿದ್ದುದು ಬಾಂಬು ಬಿದ್ದ ಹಾಳುನಿವೇಶನಗಳಲ್ಲಿ. ಟೋನಿ ಅಯೋಮಿ, ಓಜಿ ಆಸ್ಬೋರ್ನ್, ಗೀಜರ್ ಬಟ್ಲರ್, ಬಿಲ್ ವಾರ್ಡ್ ನಾಲ್ವರೂ 1948-49ರಲ್ಲಿ ಹುಟ್ಟಿ ಅಲ್ಲಿಯೇ ಬೆಳೆದವರು. ಶಾಲೆ ಬಿಟ್ಟರೆ ಕಾರ್ಖಾನೆ ಎಂಬುದು ಆ ಬೀದಿಗಳ ಹಣೆಬರಹ. ಓಜಿ ಕಾರಿನ ಹಾರ್ನುಗಳನ್ನು ಪರೀಕ್ಷಿಸುವ ಕೆಲಸ ಮಾಡಿದ, ಕಸಾಯಿಖಾನೆಯಲ್ಲಿ ದುಡಿದ. ಅಯೋಮಿ ತಗಡಿನ ಕಾರ್ಖಾನೆ ಸೇರಿದ.

1965ರಲ್ಲಿ ಹದಿನೇಳರ ಅಯೋಮಿ ಒಂದು ವಾದ್ಯತಂಡದ ಜೊತೆ ಹೊರಡುವುದೆಂದು ನಿರ್ಧರಿಸಿ ಕಾರ್ಖಾನೆಗೆ ರಾಜೀನಾಮೆ ಕೊಟ್ಟಿದ್ದ. ಅಂದು ಕೆಲಸದ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನಿಗೆ ಮತ್ತೆ ಹೋಗುವ ಮನಸ್ಸಿರಲಿಲ್ಲ. ಹಿಡಿದ ಕೆಲಸ ಮುಗಿಸಿಯೇ ಬಾ ಎಂದು ತಾಯಿ ಕಳಿಸಿದಳು. ಬೇರೊಬ್ಬರು ನಡೆಸಬೇಕಾಗಿದ್ದ ಯಂತ್ರದ ಮುಂದೆ ಅಂದು ಇವನನ್ನು ನಿಲ್ಲಿಸಿದ್ದರು. ಯಂತ್ರ ಬಲಗೈ ಮೇಲೆ ಇಳಿಯಿತು. ನಡುಬೆರಳು ಮತ್ತು ಉಂಗುರಬೆರಳಿನ ತುದಿಗಳು ಹೋದವು. ಅಯೋಮಿ ಎಡಚ, ಗಿಟಾರಿನ ತಂತಿ ಒತ್ತುತ್ತಿದ್ದುದು ಬಲಗೈ ಬೆರಳುಗಳಿಂದಲೇ. ಇನ್ನು ಗಿಟಾರ್ ಮರೆತುಬಿಡು ಎಂದರು ವೈದ್ಯರು.

ಕಾರ್ಖಾನೆಯ ಮೇಲ್ವಿಚಾರಕ ಈ ಹುಡುಗನನ್ನು ನೋಡಲು ಬಂದ. ಕೈಯಲ್ಲೊಂದು ರೆಕಾರ್ಡಿತ್ತು. ಕೇಳು ಎಂದ. ಇನ್ನು ನುಡಿಸಲಾರದವನಿಗೆ ಗಿಟಾರ್ ಕೇಳುವುದು ಗಾಯದ ಮೇಲೆ ಉಪ್ಪು ಸುರಿದಂತೆ. ಆದರೂ ಕೇಳಿದ. ಆಮೇಲೆ ಗೊತ್ತಾಯಿತು, ನುಡಿಸುತ್ತಿರುವಾತ ಜಾಂಗೋ ರೈನ್‌ಹಾರ್ಟ್, 1928ರ ಬೆಂಕಿ ಅವಘಡದಲ್ಲಿ ಎಡಗೈಯ ಎರಡು ಬೆರಳುಗಳ ಬಳಕೆ ಕಳೆದುಕೊಂಡು, ಉಳಿದ ಬೆರಳುಗಳಲ್ಲೇ ಜಾಜ್ ಸಂಗೀತದ ಮೇರು ವಾದಕನಾದವ. ಅಯೋಮಿ ಮನೆಯಲ್ಲಿದ್ದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ, ಉಜ್ಜಿ, ಬೆರಳಿಗೆ ಟೋಪಿಗಳನ್ನು ಮಾಡಿಕೊಂಡ. ತಂತಿ ಜಾರದಿರಲೆಂದು ಅವುಗಳ ಮೇಲೆ ಚರ್ಮ ಅಂಟಿಸಿದ. ನೋವು ತಡೆಯಲಾರದೆ ತೆಳು ತಂತಿಗಳನ್ನು ಹುಡುಕಿದ. ಮುಂದೆ 1971ರ ಮೂರನೆಯ ಆಲ್ಬಮ್ಮಿನ ಹೊತ್ತಿಗೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ತಗ್ಗಿಸಿದ. ಬೆರಳಿಗೆ ಹಗುರವಾಗಲೆಂದು ಮಾಡಿದ್ದು ಕಿವಿಗೆ ಭಾರವಾಗಿ ಕೇಳಿಸಿತು. ಹೆವಿ ಎಂದು ಜಗತ್ತು ಕರೆದ ಆ ಭಾರದಲ್ಲಿ ಕಾರ್ಖಾನೆ ಮಾಡಿದ ಗಾಯದ ಪಾಲೂ ಇದೆ.

ತಂಡಕ್ಕೆ ಮೊದಲು ‘ಅರ್ಥ್’ ಎಂಬ ಹೆಸರಿತ್ತು. ಅಭ್ಯಾಸ ಮಾಡುತ್ತಿದ್ದ ಜಾಗದ ಎದುರು ಒಂದು ಸಿನಿಮಾ ಮಂದಿರ. ಭಯದ ಚಿತ್ರಕ್ಕೆ ಜನ ಸಾಲುಗಟ್ಟಿ ಟಿಕೆಟ್ ಕೊಳ್ಳುತ್ತಿದ್ದರು. ದುಡ್ಡು ಕೊಟ್ಟು ಹೆದರುವುದೆಂದರೇನು ವಿಚಿತ್ರ ಎಂದು ಈ ಹುಡುಗರಿಗೆ ಆಶ್ಚರ್ಯ. ಹಾಗಾದರೆ ಹೆದರಿಸುವ ಸಂಗೀತ ಯಾಕಿರಬಾರದು? ಇಟಲಿಯ ನಿರ್ದೇಶಕ ಮಾರಿಯೋ ಬಾವಾನ 1963ರ ಚಿತ್ರವೊಂದರ ಇಂಗ್ಲಿಷ್ ಹೆಸರನ್ನೇ ಎತ್ತಿಕೊಂಡರು: ಬ್ಲ್ಯಾಕ್ ಸಬತ್.

ಆಲ್ಬಮ್ಮನ್ನು ಧ್ವನಿಮುದ್ರಿಸಿಕೊಂಡಿದ್ದು 1969ರ ಅಕ್ಟೋಬರ್ 16ರಂದು, ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋದಲ್ಲಿ, ಒಂದೇ ದಿನದಲ್ಲಿ. ಕಛೇರಿಯಲ್ಲಿ ನುಡಿಸುವಂತೆ ಎಲ್ಲರೂ ಒಟ್ಟಿಗೆ ನುಡಿಸಿ ಎದ್ದುಹೋದರು. ಮಳೆ, ಗುಡುಗು, ಗಂಟೆಗಳನ್ನು ನಿರ್ಮಾಪಕ ರಾಜರ್ ಬೇನ್ ಆಮೇಲೆ ಸೇರಿಸಿದ. ರೆಕಾರ್ಡು ಹೊರಬಂದಿದ್ದು 1970ರ ಫೆಬ್ರುವರಿ 13ರಂದು. ಅಂದು ಶುಕ್ರವಾರ. ಪಾಶ್ಚಾತ್ಯರಿಗೆ ಹದಿಮೂರನೆಯ ತಾರೀಕಿನ ಶುಕ್ರವಾರವೆಂದರೆ ನಮಗೆ ಅಮಾವಾಸ್ಯೆಯಿದ್ದಂತೆ.

ಇನ್ನು ಆ ಮೂರು ಸ್ವರಗಳ ವಿಚಾರ. ಬೇಸ್ ಗಿಟಾರ್ ನುಡಿಸುವ ಬಟ್ಲರ್ ಆ ದಿನಗಳಲ್ಲಿ ಗುಸ್ತಾವ್ ಹೋಲ್ಸ್ಟ್ ಎಂಬ ಇಂಗ್ಲಿಷ್ ಸಂಯೋಜಕನ ‘ಗ್ರಹಗಳು’ ಕೃತಿಯನ್ನು ಕೇಳುತ್ತಿದ್ದ. ಅದರ ಯುದ್ಧಕಾರಕ ಮಂಗಳನ ಭಾಗವನ್ನು ತನ್ನ ವಾದ್ಯದಲ್ಲಿ ಗುನುಗಿಸುತ್ತಿದ್ದ. ಮರುದಿನ ಅಯೋಮಿ ನುಡಿಸಿದ್ದು ಈ ಪಲುಕು. ಸಂಗೀತ ಬಲ್ಲವರಿಗೆ ಹೇಳುವುದಾದರೆ ಮೊದಲು ಷಡ್ಜ, ಬಳಿಕ ತಾರಸ್ಥಾಯಿಯ ಷಡ್ಜ, ಅಲ್ಲಿಂದ ಜಾರಿ ಪ್ರತಿಮಧ್ಯಮ. ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ಇರುವ ಈ ಅಂತರಕ್ಕೆ ಪಶ್ಚಿಮದವರು ಟ್ರೈಟೋನ್ ಎನ್ನುತ್ತಾರೆ. ಹದಿನೆಂಟನೆಯ ಶತಮಾನದ ಸಂಗೀತಶಾಸ್ತ್ರ ಗ್ರಂಥಗಳಲ್ಲಿ ಇದಕ್ಕೆ ‘ಸಂಗೀತದೊಳಗಿನ ಸೈತಾನ’ ಎಂಬ ಲ್ಯಾಟಿನ್ ಅಡ್ಡಹೆಸರೂ ಇತ್ತು. ಮಧ್ಯಯುಗದಲ್ಲಿ ಚರ್ಚು ಇದನ್ನು ನಿಷೇಧಿಸಿತ್ತೆಂಬ ಕತೆ ಜನಪ್ರಿಯವೇ ಹೊರತು ಅದಕ್ಕೆ ಗಟ್ಟಿ ಆಧಾರವಿಲ್ಲ.

ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇಲ್ಲೊಂದು ಸೋಜಿಗ ಕಾಣುತ್ತದೆ. ಎಪ್ಪತ್ತೆರಡು ಮೇಳಕರ್ತ ರಾಗಗಳಲ್ಲಿ ಮೂವತ್ತಾರು ಪ್ರತಿಮಧ್ಯಮದವು. ಕಲ್ಯಾಣಿಯ ಸೊಬಗಿನ ಗುಟ್ಟೂ ಅದೇ ಪ್ರತಿಮಧ್ಯಮ. ಅಲ್ಲಿ ಸೈತಾನನಾದ ಸ್ವರ ಇಲ್ಲಿ ಮಂಗಳಕರ ಹೇಗಾಯಿತು? ಕಲ್ಯಾಣಿಯಲ್ಲಿ ಆ ಸ್ವರ ಒಂಟಿಯಲ್ಲ. ಅಂತರಗಾಂಧಾರ ಕೆಳಗಿನಿಂದ ಕೈಹಿಡಿದಿರುತ್ತದೆ, ಮೇಲಿನಿಂದ ಪಂಚಮ ಕರೆಯುತ್ತಿರುತ್ತದೆ. ಅಯೋಮಿಯ ಪಲುಕಿನಲ್ಲಿ ಅತ್ತ ಗಾಂಧಾರವಿಲ್ಲ, ಇತ್ತ ಪಂಚಮವಿಲ್ಲ. ನೆಲೆ ಸೇರಬೇಕಾದ ಸ್ವರ ನಡುದಾರಿಯಲ್ಲಿ ನಿಂತು ನಡುಗುತ್ತದೆ. ಕೇಳುವವನ ಕಿವಿ ಕಾಯುತ್ತದೆ, ನೆಮ್ಮದಿ ಬರುವುದಿಲ್ಲ. ಭಯ ಸ್ವರದಲ್ಲಿಲ್ಲ, ಅದರ ಒಂಟಿತನದಲ್ಲಿದೆ.

ಹಾಡಿನ ಮಾತುಗಳೂ ಅಷ್ಟೆ. ಸೈತಾನನ ಸ್ತುತಿಯೆಂದು ಇದನ್ನು ದೂರಿದವರು ಬಹಳ. ಕೇಳಿದರೆ ಇರುವುದು ಬೇರೆ. ಕಪ್ಪು ಆಕೃತಿಯೊಂದು ಎದುರು ನಿಂತಾಗ ದಿಕ್ಕುಗೆಟ್ಟ ಮನುಷ್ಯ ದೇವರನ್ನು ಕೂಗಿ ಕರೆಯುತ್ತಾನೆ. ಕ್ಯಾಥೊಲಿಕ್ ಮನೆಯಲ್ಲಿ ಬೆಳೆದ ಬಟ್ಲರ್, ಒಂದು ರಾತ್ರಿ ಎಚ್ಚರಗೊಂಡಾಗ ಮಂಚದ ಕಾಲಬಳಿ ಇಂಥ ಆಕೃತಿಯನ್ನು ಕಂಡೆನೆಂದು ಹೇಳಿಕೊಂಡಿದ್ದಾನೆ. ಹಾಡು ಹುಟ್ಟಿದ್ದು ಆ ಅನುಭವದಿಂದ. ಆಲ್ಬಮ್ಮಿನ ಒಳಹೊದಿಕೆಯಲ್ಲಿದ್ದ ತಲೆಕೆಳಗಾದ ಶಿಲುಬೆ ಕಂಪೆನಿಯವರ ಕಲ್ಪನೆ, ಹುಡುಗರಿಗೆ ಅದು ಮೊದಲು ತಿಳಿದಿರಲೂ ಇಲ್ಲ. ಅವರು ಕೊರಳಲ್ಲಿ ಧರಿಸಿದ ಶಿಲುಬೆಗಳನ್ನು ಓಜಿಯ ತಂದೆಯೇ ಲೋಹದಲ್ಲಿ ಮಾಡಿಕೊಟ್ಟಿದ್ದ.

ಭಯವನ್ನು ಕಲೆಯಾಗಿ ಸವಿಯುವುದು ಭಾರತೀಯರಿಗೆ ಹೊಸದೇನಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಭಯಾನಕವೂ ಒಂದು ರಸ. ಬದುಕಿನಲ್ಲಿ ಭಯ ಓಡಿಸುತ್ತದೆ, ರಂಗದಲ್ಲಿ ಅದೇ ಭಯ ಹಿಡಿದು ಕೂರಿಸುತ್ತದೆ. ಅಲ್ಲಿ ಅದಕ್ಕೊಂದು ಆಕಾರವಿದೆ, ತಾಳವಿದೆ, ಮುಗಿಯುವ ಗಳಿಗೆಯಿದೆ. ಆ ಮೊದಲ ಹಾಡೂ ಆರು ನಿಮಿಷ ದಾಟಿದ ಮೇಲೆ ಮುಗಿಯುತ್ತದೆ. ಮುಂದಿನ ಹಾಡಿನಲ್ಲಿ ಓಜಿಯ ಮೌತ್ ಆರ್ಗನ್ ಕುಣಿಯುತ್ತದೆ.

ವಿಮರ್ಶಕರಿಗೆ ಇದೊಂದೂ ಕೇಳಿಸಲಿಲ್ಲ. ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್ 1970ರಲ್ಲಿ ಆಲ್ಬಮ್ಮನ್ನು ಜಾಲಾಡಿಬಿಟ್ಟ. ಜನ ಮಾತ್ರ ಕೊಂಡರು. ಬ್ರಿಟನ್ನಿನ ಪಟ್ಟಿಯಲ್ಲಿ ಅದು 8ನೆಯ ಸ್ಥಾನಕ್ಕೆ, ಅಮೆರಿಕದಲ್ಲಿ 23ಕ್ಕೆ ಏರಿತು. ಅದೇ ಬ್ಯಾಂಗ್ಸ್ ಎರಡು ವರ್ಷಗಳಲ್ಲಿ ‘ಕ್ರೀಮ್’ ಪತ್ರಿಕೆಯಲ್ಲಿ ದೀರ್ಘ ಲೇಖನ ಬರೆದು, ಈ ತಂಡದ ಕತ್ತಲೆಯ ಹಿಂದೆ ನೀತಿಪ್ರಜ್ಞೆಯಿದೆ ಎಂದು ಗುರುತಿಸಿದ. ಮೊದಲ ಸಲ ಕೇಳಿದ ಕಿವಿಯೇ ಕೊನೆಯ ತೀರ್ಪುಗಾರನಲ್ಲ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಈಗ ಡೌನಿಯ ಹುಡುಗನ ಬಳಿಗೆ ಮರಳೋಣ. ಅವನ ತಂದೆತಾಯಿ ಕ್ರಿಶ್ಚಿಯನ್ ಸೈನ್ಸ್ ಪಂಥದವರು. ಕಾಯಿಲೆಗೆ ಪ್ರಾರ್ಥನೆಯೇ ಮದ್ದು, ವೈದ್ಯರ ಬಳಿ ಹೋಗುವಂತಿಲ್ಲ. ಶಾಲೆಯಲ್ಲಿ ಆರೋಗ್ಯದ ಪಾಠ ನಡೆಯುವಾಗ ಈ ಹುಡುಗ ಎದ್ದು ಹೊರಗೆ ನಿಲ್ಲಬೇಕು. ಒಳಗಿದ್ದವರ ಕಣ್ಣೆಲ್ಲ ಅವನ ಮೇಲೆ. ಹದಿಮೂರರ ಹೊತ್ತಿಗೆ ತಂದೆ ಮನೆ ಬಿಟ್ಟುಹೋದ. ಹದಿನಾರರಲ್ಲಿ ತಾಯಿ ಕ್ಯಾನ್ಸರಿನಿಂದ ತೀರಿಕೊಂಡಳು. ಅದರ ನೋವನ್ನೂ ಸಿಟ್ಟನ್ನೂ ಆತ 1991ರಲ್ಲಿ ‘ದಿ ಗಾಡ್ ದಟ್ ಫೇಲ್ಡ್’ ಎಂಬ ಹಾಡಾಗಿಸಿದ. ಎಳವೆಯಲ್ಲಿ ಕದ್ದು ಕೇಳಿದ ರೆಕಾರ್ಡು ಈ ದುಃಖಗಳನ್ನು ತಡೆಯಲಿಲ್ಲ, ತಡೆಯಲಾರದು. ಆದರೆ ಒಳಗೆ ಹೆಪ್ಪುಗಟ್ಟಿದ್ದಕ್ಕೆ ಹೊರಬರುವ ದಾರಿಯೊಂದಿದೆ, ಒಂಟಿಯಾಗಿ ನಡುಗುವ ಸ್ವರವನ್ನೂ ಸಂಗೀತ ಮಾಡಬಹುದು ಎಂದು ಅದು ಅವನಿಗೆ ಮೊದಲೇ ತೋರಿಸಿಕೊಟ್ಟಿತ್ತು.

2006ರ ಮಾರ್ಚ್‌ನಲ್ಲಿ ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ಸಂಸ್ಥೆ ಬ್ಲ್ಯಾಕ್ ಸಬತ್ ತಂಡವನ್ನು ಗೌರವಿಸಿತು. ಪರಿಚಯಿಸಲು ನಿಂತವನು ಹೆಟ್‌ಫೀಲ್ಡ್, ಜೊತೆಗೆ ಗೆಳೆಯ ಲಾರ್ಸ್ ಉಲ್ರಿಚ್. ಅಂದು ಹೆಟ್‌ಫೀಲ್ಡ್ ಬಣ್ಣಿಸಿದ್ದು ತಂಡದ ಮಾರಾಟದ ಲೆಕ್ಕವನ್ನಲ್ಲ. ಮಾತು ಶುರುವಾಗಿದ್ದೇ ಒಂಬತ್ತು ವರ್ಷದ ಆ ಮೌನಿ ಹುಡುಗನಿಂದ, ಅವನ ಚಿಪ್ಪು ಒಡೆದ ಆ ರೆಕಾರ್ಡಿನಿಂದ.

ತಂದೆತಾಯಿಯರ ಆತಂಕ ಸುಳ್ಳೆಂದು ಇದರ ಅರ್ಥವಲ್ಲ. ಈ ಆತಂಕ 1985ರಲ್ಲಿ ಅಮೆರಿಕದ ಸೆನೆಟ್ ಮುಂದೆ ವಿಚಾರಣೆಯವರೆಗೂ ಹೋಗಿ, ರೆಕಾರ್ಡುಗಳ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸುವುದರಲ್ಲಿ ಮುಗಿಯಿತು. ಈ ಸಂಗೀತಗಾರರ ಬದುಕೂ ಮಾದರಿಯಾಗಿರಲಿಲ್ಲ. ಮದ್ಯ, ಮಾದಕ ವಸ್ತುಗಳು ಅವರನ್ನು ಹಿಂಡಿದವು. ಹೆಟ್‌ಫೀಲ್ಡ್ ಕೂಡ ಕುಡಿತದ ಚಿಕಿತ್ಸೆಗೆ ಸೇರಬೇಕಾಯಿತು. ಆದರೆ ಚೀಟಿ ಅಂಟಿಸುವವರು ಮಗು ಏನು ಕೇಳುತ್ತಿದೆ ಎಂದಷ್ಟೇ ನೋಡುತ್ತಾರೆ. ಅದನ್ನು ಯಾಕೆ ಕೇಳುತ್ತಿದೆ ಎಂದು ಕೇಳಬೇಕಾದವರು ಮನೆಯವರು. ಕಾರ್ಖಾನೆಯ ಆ ಮೇಲ್ವಿಚಾರಕ ಬುದ್ಧಿವಾದ ಹೇಳಲಿಲ್ಲ, ಹುಡುಗನ ಪಕ್ಕ ಕೂತು ಒಂದು ರೆಕಾರ್ಡು ಕೇಳಿಸಿದ.

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಅದು ಭಾರತದಲ್ಲಿ ಆ ತಂಡದ ಮೊದಲ ಕಛೇರಿ. ಅಂದು ನೆರೆದ ಯುವಜನರಲ್ಲಿ ಎಷ್ಟೋ ಮಂದಿಗೆ ಈ ಸಂಗೀತ ಸಿಕ್ಕಿದ್ದು ಅಣ್ಣನ ಕ್ಯಾಸೆಟ್ಟಿನಿಂದ, ಹಾಸ್ಟೆಲ್ ಗೆಳೆಯನಿಂದ. ದಾರಿ ಎಲ್ಲೆಡೆಯೂ ಒಂದೇ.

2025ರ ಜುಲೈ 5ರಂದು ಬ್ಲ್ಯಾಕ್ ಸಬತ್‌ನ ನಾಲ್ವರೂ ಕೊನೆಯ ಬಾರಿಗೆ ಒಟ್ಟಿಗೆ ನುಡಿಸಿದರು. ಜಾಗ ಆಸ್ಟನ್ನಿನ ವಿಲ್ಲಾ ಪಾರ್ಕ್ ಮೈದಾನ, ಅವರು ಆಡಿ ಬೆಳೆದ ಬೀದಿಗಳ ಬದಿಯಲ್ಲೇ. ನಿಲ್ಲಲಾರದ ಓಜಿ ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ಹಾಡಿದ. ಹದಿನೇಳು ದಿನಗಳ ನಂತರ, ಜುಲೈ 22ರಂದು, ತೀರಿಕೊಂಡ. ಆ ಸಂಜೆ ಅವರಿಗಿಂತ ಮೊದಲು ವೇದಿಕೆಯೇರಿ ಅವರದೇ ಹಾಡುಗಳನ್ನು ನುಡಿಸಿ ಋಣ ತೀರಿಸಿದವರಲ್ಲಿ ಅರವತ್ತೊಂದು ವರ್ಷದ ಹೆಟ್‌ಫೀಲ್ಡ್ ಇದ್ದ. ಅಣ್ಣನ ರೆಕಾರ್ಡನ್ನು ಕದ್ದು ಕೇಳಿದ್ದ ಹುಡುಗ ಅಂದು ಅದನ್ನು ಎಲ್ಲರೆದುರು, ಗಟ್ಟಿಯಾಗಿ, ಅದು ಹುಟ್ಟಿದ ಊರಿನಲ್ಲೇ ಒಪ್ಪಿಸಿಬಂದ.