ರೋಗಿಯ ಗಾಂಜಾ, ಮೋಜಿನ ಗಾಂಜಾ: ತೆರಿಗೆಯ ಹೊರೆ ಯಾರಿಗೆ?

(ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯದ ಹೆಸರು ಕೇಳಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ನಗಲು ಅಡ್ಡಿಯಿಲ್ಲ. ಆದರೆ ನಾವು ಇಲ್ಲಿ ಗಾಂಜಾದ ಗುಣಗಾನ ಮಾಡಲು ನಿಂತಿಲ್ಲ. ತೆರಿಗೆಯ ನ್ಯಾಯವನ್ನು ವಿಚಾರಿಸಲು ನಿಂತಿದ್ದೇವೆ. ಒಂದೇ ಗಿಡದ ಒಂದೇ ಸರಕನ್ನು ಒಬ್ಬನು ನೋವಿಗೆ ಮದ್ದೆಂದು ಕೊಳ್ಳುತ್ತಾನೆ, ಇನ್ನೊಬ್ಬನು ಸಂಜೆಯ ಮೋಜಿಗೆಂದು ಕೊಳ್ಳುತ್ತಾನೆ. ಇಬ್ಬರಿಂದಲೂ ಸರಕಾರ ಒಂದೇ ತೆರಿಗೆಯನ್ನು ವಸೂಲು ಮಾಡಬಹುದೇ? ಮಾಡಬಾರದೆಂದರೆ, ಇವನು ರೋಗಿ, ಇವನು ಮೋಜುಗಾರ ಎಂದು ಗುರುತಿಸುವುದು ಹೇಗೆ? ಅಮೆರಿಕಾದ ಕೆಲವು ರಾಜ್ಯಗಳು ಈ ಪ್ರಶ್ನೆಗೆ ಕಾಯಿದೆಯ ಮೂಲಕ ಉತ್ತರ ಕೊಟ್ಟಿವೆ. ಆ ಉತ್ತರಗಳನ್ನು ಒರೆಗೆ ಹಚ್ಚಿ ನೋಡೋಣ.

ಮೊದಲು ಹಿನ್ನೆಲೆ. ಅಮೆರಿಕಾದ ಕೇಂದ್ರ ಸರಕಾರ 1970ರ ಕಾಯಿದೆಯಲ್ಲಿ ಗಾಂಜಾವನ್ನು ಅತ್ಯಂತ ಕಠಿಣ ನಿಷೇಧದ ಪಟ್ಟಿಗೆ ಸೇರಿಸಿತು. ಆದರೂ 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು, ವೈದ್ಯರ ಶಿಫಾರಸು ಇರುವ ರೋಗಿಗೆ ಅದು ದೊರೆಯಬೇಕೆಂದು ತೀರ್ಮಾನಿಸಿದರು. ಕ್ಯಾನ್ಸರ್ ಚಿಕಿತ್ಸೆಯಿಂದ ವಾಂತಿ ನಿಲ್ಲದವರು, ಸ್ನಾಯುಗಳ ಸೆಳೆತದವರು, ವರ್ಷಗಟ್ಟಲೆ ನೋವು ತಿನ್ನುವವರು, ಇಂಥವರಿಗಾಗಿ ಹುಟ್ಟಿದ ವ್ಯವಸ್ಥೆ ಅದು. ಮೋಜಿಗೆ ಮಾರುವ ಅನುಮತಿ ಬಂದುದು ಆಮೇಲೆ. ಕೊಲೊರಾಡೋ ಮತ್ತು ವಾಷಿಂಗ್ಟನ್ ರಾಜ್ಯಗಳ ಮತದಾರರು 2012ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟರು. ಆಗ ಒಂದೇ ಬೀದಿಯಲ್ಲಿ, ಎಷ್ಟೋ ಕಡೆ ಒಂದೇ ಅಂಗಡಿಯಲ್ಲಿ, ಎರಡು ಬಗೆಯ ಗಿರಾಕಿಗಳು ಸಾಲಾಗಿ ನಿಂತರು.

ಕೊಲೊರಾಡೋದ ಲೆಕ್ಕ ಸರಳವಾಗಿದೆ. ನೋಂದಾಯಿತ ರೋಗಿ 100 ಡಾಲರಿನ ಸರಕು ಕೊಂಡರೆ ರಾಜ್ಯಕ್ಕೆ ಕೊಡುವ ತೆರಿಗೆ 2 ಡಾಲರ್ 90 ಸೆಂಟು. ಇದು ಸಾಮಾನ್ಯ ಮಾರಾಟ ತೆರಿಗೆ, ಅಷ್ಟೆ. ಮೋಜಿಗೆ ಕೊಳ್ಳುವವನು ಕೊಡಬೇಕಾದ ವಿಶೇಷ ತೆರಿಗೆ 15 ಡಾಲರ್. 2017ರ ಜುಲೈಯಿಂದ ಈ ದರವಿದೆ. ಇದಲ್ಲದೆ ಬೆಳೆದ ಮಾಲು ಅಂಗಡಿಗೆ ಹೋಗುವ ಹಂತದಲ್ಲೇ ಶೇಕಡಾ 15ರ ಸುಂಕ ಬಿದ್ದು, ಬೆಲೆಯೊಳಗೆ ಅಡಗಿ ಕುಳಿತಿರುತ್ತದೆ. ರೋಗಿಯ ಮಾಲಿಗೆ ಆ ಸುಂಕವಿಲ್ಲ. ಊರಿನ ಸ್ಥಳೀಯ ತೆರಿಗೆಗಳು ಬೇರೆ. ಸುಂಕದ ಹಣವನ್ನು ಶಾಲಾ ಕಟ್ಟಡಗಳಿಗೆ ಮೀಸಲಿಟ್ಟರು. ಮೋಜಿನ ಹಣದಿಂದ ಶಾಲೆ ಕಟ್ಟಲಿ, ಮದ್ದಿನ ಹಣದಿಂದ ಬೇಡ ಎಂಬ ವಿವೇಕ ಇಲ್ಲಿ ಕಾಣುತ್ತದೆ.

ಇಲಿನಾಯ್ ಇನ್ನೂ ಸ್ಪಷ್ಟ. ಅಲ್ಲಿ ರೋಗಿ ಕೊಳ್ಳುವ ಗಾಂಜಾಕ್ಕೆ ಬೇರೆ ಔಷಧಗಳಂತೆಯೇ ರಾಜ್ಯದ ತೆರಿಗೆ ಶೇಕಡಾ 1. 2020ರ ಜನವರಿ 1ರಿಂದ ಆರಂಭವಾದ ಮೋಜಿನ ಮಾರಾಟಕ್ಕೆ ಮತ್ತಿನ ಅಂಶ ನೋಡಿ ತೆರಿಗೆ: ಅದು ಶೇಕಡಾ 35ನ್ನು ಮೀರದಿದ್ದರೆ 10, ಮೀರಿದರೆ 25, ತಿಂಡಿಪಾನೀಯಗಳಲ್ಲಿ ಬೆರೆಸಿದ್ದಕ್ಕೆ 20. ಇದರ ಜೊತೆಗೆ ರಾಜ್ಯದ ಮಾರಾಟ ತೆರಿಗೆ 6.25.

ಇಷ್ಟು ಕೇಳಿ, ರೋಗಿಯ ಹಿತವನ್ನು ಸರಕಾರಗಳು ಚೆನ್ನಾಗಿಯೇ ಕಾಯ್ದಿವೆ ಎನ್ನಬೇಡಿ. ಕ್ಯಾಲಿಫೋರ್ನಿಯಾಕ್ಕೆ ಬನ್ನಿ. ರೋಗಿಗೆ ಮೊದಲು ಬಾಗಿಲು ತೆರೆದ ರಾಜ್ಯವೇ ಅವನಿಗೆ ಅತಿ ಕಡಿಮೆ ರಿಯಾಯಿತಿ ಕೊಡುವವುಗಳ ಸಾಲಿನಲ್ಲಿದೆ. 2018ರ ಜನವರಿಯಿಂದ ಶೇಕಡಾ 15ರ ಅಬಕಾರಿ ಸುಂಕ ಇಬ್ಬರ ಮೇಲೂ ಬಿತ್ತು. 2025ರ ಜುಲೈಯಲ್ಲಿ ಅದನ್ನು 19ಕ್ಕೆ ಏರಿಸಿ, ಅಕ್ಟೋಬರಿನಲ್ಲಿ ಮತ್ತೆ 15ಕ್ಕೆ ಇಳಿಸಿದರು. ಏರಿದಾಗಲೂ ಇಳಿದಾಗಲೂ ರೋಗಿಗೂ ಮೋಜುಗಾರನಿಗೂ ಭೇದವಿರಲಿಲ್ಲ. ರೋಗಿಗೆ ಬಿಟ್ಟಿರುವುದು ಮಾರಾಟ ತೆರಿಗೆಯೊಂದೇ. ಅದೂ ವೈದ್ಯರ ಚೀಟಿ ತೋರಿಸಿದರೆ ಸಾಲದು. ಸರಕಾರದ ಗುರುತಿನ ಚೀಟಿ ಬೇಕು.

ಆ ಗುರುತಿನ ಚೀಟಿಗೆ ಜಿಲ್ಲಾಡಳಿತ ವರ್ಷಕ್ಕೆ 100 ಡಾಲರಿನವರೆಗೆ ಶುಲ್ಕ ಕೇಳಬಹುದು. ಬಡವರ ಸರಕಾರಿ ವೈದ್ಯಕೀಯ ಯೋಜನೆಯಲ್ಲಿರುವವರಿಗೆ ಅರ್ಧ. ಈಗ ಲೆಕ್ಕ ಹಾಕೋಣ. 100 ಡಾಲರಿನ ಸರಕಿಗೆ ಸುಂಕ ಸೇರಿ 115. ಅದರ ಮೇಲೆ ಕನಿಷ್ಠ ದರವಾದ ಶೇಕಡಾ 7.25ರಂತೆ ಮಾರಾಟ ತೆರಿಗೆ 8 ಡಾಲರ್ 34 ಸೆಂಟು. ಚೀಟಿ ಇದ್ದವನಿಗೆ ಉಳಿಯುವುದು ಇಷ್ಟೆ. ಪೂರ್ತಿ ಶುಲ್ಕ ಕೊಟ್ಟವನು ಆ ವರ್ಷ ಸುಮಾರು 1200 ಡಾಲರಿನ ಸರಕು ಕೊಂಡ ಮೇಲಷ್ಟೇ ಶುಲ್ಕದ ಹಣ ಹಿಂದಕ್ಕೆ ಬಂದಂತಾಯಿತು. ವೈದ್ಯರ ಭೇಟಿಯ ಖರ್ಚು ಬೇರೆ. ಕೈಯಲ್ಲಿ ಕಾಸಿದ್ದು ಹೆಚ್ಚು ಕೊಳ್ಳಬಲ್ಲ ರೋಗಿಗೆ ರಿಯಾಯಿತಿ ಲಾಭ. ತಿಂಗಳಿಗೆ ಒಂದಿಷ್ಟು ಕೊಂಡು ನೋವು ನುಂಗುವವನು ಚೀಟಿಯ ಗೊಡವೆಗೆ ಹೋಗದೆ, ಮೋಜುಗಾರನ ತೆರಿಗೆಯನ್ನೇ ಕೊಟ್ಟು ಬರುತ್ತಾನೆ. ಕಾಗದದ ಮೇಲೆ ದಯೆ, ಕಟ್ಟೆಯ ಮೇಲೆ ವಸೂಲಿ!

ಇನ್ನೂ ಒಂದು ಸಂಗತಿ ನೆನಪಿರಲಿ. ಕೇಂದ್ರದ ನಿಷೇಧದ ಕಾರಣದಿಂದ ಅಲ್ಲಿನ ವೈದ್ಯರು ಗಾಂಜಾವನ್ನು ಇತರ ಔಷಧದಂತೆ ಬರೆದುಕೊಡದೆ, ಶಿಫಾರಸು ಮಾತ್ರ ಮಾಡುತ್ತ ಬಂದರು. ವಿಮಾ ಕಂಪನಿಗಳು ಸಾಮಾನ್ಯವಾಗಿ ಅದರ ಖರ್ಚು ಭರಿಸುವುದಿಲ್ಲ. ಬೆಲೆಯೂ ತೆರಿಗೆಯೂ ರೋಗಿಯ ಸ್ವಂತ ಜೇಬಿನಿಂದಲೇ ಹೋಗಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಅಬಕಾರಿ ಸುಂಕ ಶೇಕಡಾ 37. ರೋಗಿಯೂ ಅದನ್ನು ವರ್ಷಗಟ್ಟಲೆ ಕೊಟ್ಟ. 2024ರ ಜೂನ್ 6ರಿಂದ ನೋಂದಾಯಿತ ರೋಗಿಗೆ ವಿನಾಯಿತಿ ದೊರೆಯಿತು. ಆದರೆ ಆರೋಗ್ಯ ಇಲಾಖೆಯ ನಿಯಮಕ್ಕೆ ಹೊಂದಿದ ಮಾಲಿಗೆ ಮಾತ್ರ, ಅದಕ್ಕೆಂದು ಅನುಮತಿ ಪಡೆದ ಅಂಗಡಿಯಲ್ಲಿ ಮಾತ್ರ, 2029ರ ಜೂನ್ ಮುಗಿಯುವವರೆಗೆ ಮಾತ್ರ.

ಇದಕ್ಕೆ ಆಕ್ಷೇಪವೊಂದಿದೆ. ರೋಗಿಗೆ ತೆರಿಗೆ ಬಿಟ್ಟರೆ ಮೋಜುಗಾರರೆಲ್ಲ ಬೆನ್ನುನೋವಿನ ನೆಪ ಹೇಳಿ ಚೀಟಿ ಪಡೆಯುವುದಿಲ್ಲವೇ? ಪಡೆಯುವವರು ಇದ್ದಾರೆ. ಶುಲ್ಕ ಕೊಟ್ಟರೆ ಯಾರಿಗೂ ಇಲ್ಲವೆನ್ನದ ವೈದ್ಯರೂ ಇಲ್ಲದಿಲ್ಲ. ಈ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಸುಳ್ಳು ಶಿಫಾರಸಿಗೆ ಮದ್ದು ವೈದ್ಯರ ಮೇಲಿನ ನಿಗಾ. ನಿಜವಾದ ರೋಗಿಯ ಮೇಲಿನ ತೆರಿಗೆಯಲ್ಲ. ಇಲಿ ಹಿಡಿಯಲಾರದೆ ಮನೆಗೆ ಬೆಂಕಿ ಇಟ್ಟರೆ ಸುಟ್ಟುಹೋಗುವುದು ನಮ್ಮ ಮನೆಯೇ.

ನಮಗೇಕೆ ಈ ಮಾತು ಎನ್ನುತ್ತೀರಾ? ನಮ್ಮಲ್ಲಿ 1985ರ ಮಾದಕ ದ್ರವ್ಯ ಕಾಯಿದೆ ಮೋಜಿನ ಗಾಂಜಾವನ್ನು ನಿಷೇಧಿಸಿದೆ, ಭಂಗಿ ಸೊಪ್ಪನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅಮೆರಿಕಾದ ಅಂಗಡಿ ಇಲ್ಲಿ ತೆರೆಯಲಿ ಎಂದು ನಾವು ಹೇಳುತ್ತಿಲ್ಲ. ಆದರೆ ಮದ್ದಿನ ಮೇಲಿನ ತೆರಿಗೆ ನಮ್ಮ ಮನೆಯ ಮಾತೂ ಹೌದು. 2025ರ ಸೆಪ್ಟೆಂಬರ್ 22ರಂದು ಬಹುತೇಕ ಔಷಧಗಳ ಮೇಲಿನ ಜಿಎಸ್‌ಟಿಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿ, 33 ಜೀವರಕ್ಷಕ ಔಷಧಗಳ ಮೇಲೆ ಪೂರ್ತಿ ತೆಗೆದುಹಾಕಿದರು. ಇಳಿಸಿದ್ದು ಸರಿ. ಅಲ್ಲಿಯವರೆಗೆ ರೋಗಿಯಿಂದ ಶೇಕಡಾ 12 ಎಣಿಸಿಕೊಂಡದ್ದು ಯಾವ ನ್ಯಾಯ?

ಸರಕಿನ ಮೇಲಿನ ತೆರಿಗೆ ಕೊಳ್ಳುವವನ ಮುಖ ನೋಡುವುದಿಲ್ಲ; ಕೂಲಿಯವನಿಗೂ ಗಿರಣಿಯ ಒಡೆಯನಿಗೂ ದರ ಒಂದೇ. ಮೋಜಿನ ಸರಕನ್ನಾದರೆ ಬೇಡವೆಂದು ಬಿಡಬಹುದು. ಮದ್ದನ್ನು ಬಿಡುವುದು ಹೇಗೆ? ಬಿಡಲಾಗದವನಿಂದ ಕಿತ್ತುಕೊಳ್ಳುವುದು ತೆರಿಗೆಯಲ್ಲ, ದಂಡ. ಆದ್ದರಿಂದ ನಾವು ಹೇಳುವುದು ಇಷ್ಟು: ಮೋಜಿಗೆ ತೆರಿಗೆ ಇರಲಿ, ಮದ್ದಿಗೆ ಬೇಡ, ರೋಗಿಯೆಂದು ಗುರುತಿಸುವ ಚೀಟಿಗೆ ಬೆಲೆ ಕಟ್ಟುವುದು ಬೇಡ, ರಿಯಾಯಿತಿಯನ್ನು ಅಳೆಯುವಾಗ ಹೆಚ್ಚು ಕೊಳ್ಳುವವನನ್ನಲ್ಲ, ಎಲ್ಲರಿಗಿಂತ ಬಡ ರೋಗಿಯನ್ನು ಮುಂದೆ ನಿಲ್ಲಿಸಿಕೊಂಡು ಅಳೆಯಲಿ. ಗಾಂಜಾ ಇಲ್ಲೊಂದು ನಿಮಿತ್ತ ಮಾತ್ರ. ಔಷಧದ ಅಂಗಡಿಯ ರಸೀದಿಯನ್ನು ಇನ್ನು ಮುಂದೆ ನೀವು ಕೊನೆಯ ಸಾಲಿನವರೆಗೂ ಓದಿದರೆ ಈ ಭಾಷಣ ಸಾರ್ಥಕ.