ಮಗುವಿನ ಪ್ರಶ್ನೆ, ಹಿರಿಯರ ತಪ್ಪು

(ಶಿವಮೊಗ್ಗೆಯ ಉಪಾಧ್ಯಾಯರ ಕೂಟವೊಂದರಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಪ್ರಶ್ನೆ ಕೇಳುವುದು ವಕೀಲನ ಕಸುಬು. ಅಂತಹ ನಾನು ಮಗುವಿನ ಪ್ರಶ್ನೆಯೊಂದಕ್ಕೆ ಸೋತ ಸಂಗತಿಯನ್ನು ನಿವೇದಿಸಲು ಅಪ್ಪಣೆಯಾಗಬೇಕು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಬಳಿ ಹಾದುಬರುವಾಗ ನನ್ನ ಎಂಟು ವರ್ಷದ ಮಗನು, "ಅಪ್ಪಾ, ಕಬ್ಬಿಣವನ್ನೇ ಕರಗಿಸುತ್ತಿದ್ದ ಕುಲುಮೆ ತಾನೇಕೆ ಕರಗಲಿಲ್ಲ?" ಎಂದನು. ಅರಿಯೆನೆನ್ನಲು ನಾಚಿ, "ಅದು ಇನ್ನೂ ಗಟ್ಟಿ ಕಬ್ಬಿಣ, ಸುಮ್ಮನಿರು" ಎಂದೆನು. ಹುಡುಗನು ಸುಮ್ಮನಾದನು, ಮನೆ ಸೇರುವವರೆಗೂ ಬೇರೊಂದು ಪ್ರಶ್ನೆ ಕೇಳಲಿಲ್ಲ. ಆ ಮೌನ ನನ್ನನ್ನು ಚುಚ್ಚಿತು. ಮರುದಿನ ಅಲ್ಲಿ ದುಡಿದಿದ್ದ ಹಿರಿಯರೊಬ್ಬರನ್ನು ವಿಚಾರಿಸಲಾಗಿ, ಕುಲುಮೆಯ ಒಳಮೈಗೆ ಅಂತಹ ಶಾಖಕ್ಕೂ ಜಗ್ಗದ ವಿಶೇಷವಾದ ಇಟ್ಟಿಗೆಗಳನ್ನು ಕಟ್ಟುವರೆಂದೂ, ಹೊರಮೈಯನ್ನು ನೀರಿನಿಂದ ತಣಿಸುವರೆಂದೂ ತಿಳಿಯಿತು. ಮಗನನ್ನು ಕರೆದು, "ನಿನ್ನೆ ನಾನು ಹೇಳಿದ್ದು ತಪ್ಪು, ಮಗು" ಎಂದೆನು. ಅವನ ಮುಖವರಳಿತು. "ಹಾಗಾದರೆ ಆ ಇಟ್ಟಿಗೆಯನ್ನು ಯಾವುದರಲ್ಲಿ ಸುಡುತ್ತಾರೆ?" ಎಂದು ಮರುಪ್ರಶ್ನೆ ಹಾಕಿದನು! (ನಗು)

ಆ ಕಾರ್ಖಾನೆಯ ಚರಿತ್ರೆಯೂ ನಮಗೊಂದು ಪಾಠ. ೧೯೨೩ರಲ್ಲಿ ಕೆಲಸ ತೊಡಗಿದ ಅದು ಮೊದಮೊದಲು ನಷ್ಟದಲ್ಲಿತ್ತು. ಅದರ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿದ ವಿಶ್ವೇಶ್ವರಯ್ಯನವರು ಕುಂದುಗಳನ್ನು ಹುಡುಕಿ ತಿದ್ದಿದರು. ಪರದೇಶದ ತಜ್ಞರ ಸ್ಥಾನಕ್ಕೆ ನಾಡಿನ ತರುಣರನ್ನೇ ಅಣಿಗೊಳಿಸಿದರು. ನಷ್ಟದ ಲೆಕ್ಕವನ್ನು ಬಚ್ಚಿಟ್ಟಿದ್ದರೆ ತಿದ್ದುವುದು ಹೇಗೆ ಸಾಧ್ಯವಾಗುತ್ತಿತ್ತು?

ಮಕ್ಕಳ ತಪ್ಪಿಗೂ ಇದೇ ನ್ಯಾಯ. ೩೨ರಲ್ಲಿ ೧೮ನ್ನು ಕಳೆದು ೨೬ ಎಂದು ಬರೆದ ಮಗುವನ್ನು ದಡ್ಡನೆನ್ನಬೇಡಿರಿ, "ಇದು ನಿನಗೆ ಹೇಗೆ ಬಂದಿತು?" ಎಂದು ಕೇಳಿರಿ. ಎರಡರಲ್ಲಿ ಎಂಟು ಹೋಗದೆಂದು ಅದು ಎಂಟರಲ್ಲಿ ಎರಡನ್ನು ಕಳೆದಿದೆ. ಯೋಚಿಸಿಯೇ ತಪ್ಪಿದೆ. ಹತ್ತರ ಮನೆಯಿಂದ ಎರವಲು ತರುವುದನ್ನು ಕಲಿಸಬೇಕಾದ ಸ್ಥಳ ಇದೇ ಎಂದು ಆ ತಪ್ಪೇ ನಿಮಗೆ ತೋರಿಸಿಕೊಡುತ್ತದೆ.

೨೦೦೯ರ ಶಿಕ್ಷಣ ಹಕ್ಕಿನ ಶಾಸನದ ೧೭ನೆಯ ಪ್ರಕರಣವು ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ತರಗತಿಯ ಒಂದು ಕುಹಕದ ನಗೆಯನ್ನು ಹಿಡಿದು ನ್ಯಾಯಸ್ಥಾನಕ್ಕೆ ತರುವವರಾರು? ಹೆದರಿದ ಸಾಕ್ಷಿಯು ನಿಜವನ್ನು ಬಿಟ್ಟು, ಕೇಳುವವರಿಗೆ ಹಿತವಾದುದನ್ನು ನುಡಿಯುವುದನ್ನು ನಾನು ಕಂಡಿದ್ದೇನೆ. ಹೆದರಿದ ಮಗುವೂ ಹಾಗೆಯೇ ಪಕ್ಕದವನ ಪುಸ್ತಕ ನೋಡಿ ಬರೆಯುತ್ತದೆ. ಅದರ ತಪ್ಪು ಒಳಗೇ ಉಳಿಯುತ್ತದೆ.

ಆದುದರಿಂದ ಮಹನೀಯರೇ, ನಾಳೆ ಮಗುವೊಂದು ನಿಮಗೆ ತಿಳಿಯದುದನ್ನು ಕೇಳಿದಲ್ಲಿ, "ನನಗೂ ತಿಳಿಯದು, ಬಾ, ವಿಚಾರಿಸೋಣ" ಎನ್ನಿರಿ. ಅದರಿಂದ ಗುರುವಿನ ಗೌರವಕ್ಕೆ ಕುಂದಿಲ್ಲ. ತಂದೆಯ ಗೌರವಕ್ಕೂ ಕುಂದು ಬರಲಿಲ್ಲವೆಂಬುದಕ್ಕೆ ನಾನೇ ಸಾಕ್ಷಿ.